ಆಟದ ಊರಿನಲ್ಲಿ ಜನ ನಿಲ್ಲುವ ಜಾಗ

ಅಂತರ್ಜಾಲದ ಮೂಲಕ ಸಾವಿರಾರು ಮಂದಿ ಏಕಕಾಲದಲ್ಲಿ ಒಂದೇ ಕಲ್ಪಿತ ಪ್ರಪಂಚವನ್ನು ಹೊಕ್ಕು ಆಡುವ ವಿಡಿಯೊ ಆಟಗಳಲ್ಲಿ, ಕಾದಾಡುವುದಕ್ಕೆ ಕಾಡುಗಳೂ ಗುಹೆಗಳೂ ಇರುವಂತೆಯೇ, ಕಾದಾಟವನ್ನು ಮುಗಿಸಿ ಬಂದವರು ದಣಿವಾರಿಸಿಕೊಂಡು, ತಮ್ಮಂತೆಯೇ ಬಂದ ಇತರರನ್ನು ಕಂಡು, ನಾಲ್ಕು ಮಾತಾಡಿ ಹೋಗಲೆಂದು ಊರುಗಳೂ ಚೌಕಗಳೂ ಪಾನಶಾಲೆಗಳೂ ಇರುತ್ತವೆ. ಆಟವನ್ನು ಕಟ್ಟುವ ಸಂಸ್ಥೆಗಳು ಈ ತಾಣಗಳಿಗಾಗಿ ವ್ಯಯಮಾಡುವ ಶ್ರಮ ಅಲ್ಪವಾದುದಲ್ಲ: ಚಿತ್ರಕಾರರು ತಿಂಗಳುಗಟ್ಟಲೆ ಕುಳಿತು ಕಂಬಗಳ ಕೆತ್ತನೆಯನ್ನೂ ನೆಲಗಟ್ಟಿನ ಕಲ್ಲುಗಳನ್ನೂ ರೂಪಿಸುವರು, ಸಂಗೀತಗಾರರು ಆ ಊರಿಗೆಂದೇ ರಾಗವನ್ನು ಸಂಯೋಜಿಸುವರು. ಆದರೂ, ಎಲ್ಲವೂ ಸಿದ್ಧವಾಗಿ ಬಾಗಿಲು ತೆರೆದ ಮೇಲೆ, ಜನ ಆ ಅಲಂಕೃತವಾದ ಚೌಕವನ್ನು ದಾಟಿಹೋಗಿ, ಕಟ್ಟಿದವರೇ ಅಷ್ಟಾಗಿ ಗಮನಕೊಡದಿದ್ದ ಯಾವುದೋ ಮೂಲೆಯಲ್ಲಿ ಗುಂಪುಕೂಡಿ ನಿಲ್ಲುವುದು ಈ ಕಲೆಯ ಇತಿಹಾಸದಲ್ಲಿ ಮತ್ತೆ ಮತ್ತೆ ಕಂಡುಬಂದಿರುವ ಸಂಗತಿ. ಜನ ನಿಲ್ಲುವ ಜಾಗಕ್ಕೂ ಜನ ದಾಟಿಹೋಗುವ ಜಾಗಕ್ಕೂ ಇರುವ ಅಂತರವೇನು ಎಂಬ ಪ್ರಶ್ನೆ ಕೇವಲ ಆಟದವರಿಗೆ ಸಂಬಂಧಿಸಿದುದೆಂದು ನನಗೆ ತೋರುವುದಿಲ್ಲ. ಮನುಷ್ಯರು ಮನುಷ್ಯರೊಡನೆ ಕೂಡುವ ಬಗೆಯನ್ನು ಇಷ್ಟು ಸ್ಪಷ್ಟವಾಗಿ ಪರೀಕ್ಷಿಸಿ ನೋಡಲು ಅವಕಾಶವಿತ್ತ ಕ್ಷೇತ್ರಗಳು ವಿರಳ.

1999ರ ಮಾರ್ಚ್ ತಿಂಗಳಲ್ಲಿ ಹೊರಬಂದ ಎವರ್‌ಕ್ವೆಸ್ಟ್ ಎಂಬ ಆಟದಲ್ಲಿ ನಗರಗಳಿಗೆ ಕೊರತೆಯಿರಲಿಲ್ಲ. ಮರಗಳ ನೆತ್ತಿಯಲ್ಲಿ ಹಲಗೆ ಹಾಸಿ ಕಟ್ಟಿದ ಕೆಲೆಥಿನ್ ಇತ್ತು. ಬಿಳಿಯ ಕೋಟೆಯೊಳಗಣ ಫೆಲ್ವಿತ್ ಇತ್ತು. ಹಡಗುಗಳು ಬಂದು ತಂಗುವ ಫ್ರೀಪೋರ್ಟ್ ಇತ್ತು. ಇಷ್ಟಿದ್ದೂ, ಆಟದ ಲೋಕವನ್ನು ಪ್ರತ್ಯೇಕ ಪ್ರತಿಗಳಾಗಿ ನಡೆಸುವ ಸರ್ವರುಗಳಲ್ಲಿ ಅನೇಕದರಲ್ಲಿ ಆಟಗಾರರು ತಮ್ಮ ಕತ್ತಿ ಕವಚಗಳ ವ್ಯಾಪಾರಕ್ಕೆಂದು ಆರಿಸಿಕೊಂಡದ್ದು ಫ್ರೀಪೋರ್ಟಿನ ಹೊರಗೆ, ಈಸ್ಟ್ ಕಾಮನ್‌ಲ್ಯಾಂಡ್ಸ್ ಎಂಬ ಬಯಲುಸೀಮೆಯಲ್ಲಿ ಗುಡ್ಡವೊಂದನ್ನು ಕೊರೆದು ಸಾಗಿದ್ದ ಒಂದು ಸುರಂಗವನ್ನು. ನಿಂತು ನೋಡತಕ್ಕ ಶಿಲ್ಪವೇನೂ ಅದರಲ್ಲಿರಲಿಲ್ಲ. ಆದರೆ ಅದು ಇದ್ದ ನೆಲೆಯನ್ನು ವಿಚಾರಿಸಿದರೆ ಜನರ ಆಯ್ಕೆ ಎಷ್ಟು ಯುಕ್ತವಾದುದೆಂದು ತಿಳಿಯುವುದು. ಆ ಆಟದಲ್ಲಿ ಕೆಲವು ಕುಲಗಳು ಸಜ್ಜನರವೆಂದೂ ಕೆಲವು ದುರ್ಜನರವೆಂದೂ ವಿಭಾಗವಾಗಿದ್ದು, ಎದುರು ಪಕ್ಷದ ನಗರದೊಳಗೆ ಕಾಲಿಟ್ಟವನನ್ನು ಕಾವಲುಗಾರರು ಕೊಂದೇಬಿಡುತ್ತಿದ್ದರು. ಆದಕಾರಣ ಎಲ್ಲ ಕುಲದವರೂ ನಿರ್ಭಯವಾಗಿ ಬಂದು ನಿಲ್ಲಬಲ್ಲ ಜಾಗ ಊರಗೋಡೆಯ ಹೊರಗೇ ಇರಬೇಕಾಗಿತ್ತು. ಮನುಷ್ಯರ ಫ್ರೀಪೋರ್ಟಿನಿಂದ ಬರುವ ಹಾದಿ, ಕರಿಯ ಎಲ್ಫರ ಸೀಮೆಗೆ ಸೇರಿದ ನೆಕ್ಟುಲೋಸ್ ಅಡವಿಯಿಂದ ಬರುವ ಹಾದಿ, ರೋ ಮರುಭೂಮಿಯಿಂದ ಬರುವ ಹಾದಿ, ಈ ಮೂರೂ ಆ ಬಯಲಿನಲ್ಲಿ ಸಂಧಿಸುತ್ತಿದ್ದವು. ಗಳಿಸಿದ್ದನ್ನು ಇಡಲು ಬ್ಯಾಂಕು ಫ್ರೀಪೋರ್ಟಿನೊಳಗೆ ಸಮೀಪದಲ್ಲಿಯೇ ಇತ್ತು. ಬಯಲಿನಲ್ಲಿ ತಿರುಗಾಡುವ ಗ್ರಿಫನ್ ಎಂಬ ರೆಕ್ಕೆಯ ಮೃಗದ ಕಣ್ಣಿಗೆ ಬೀಳದಂತೆ ಮರೆಯಾಗಿ ನಿಲ್ಲಲು ಸುರಂಗ ಆಸರೆಯಾಗಿತ್ತು.

ಅಂಗಡಿ ಹೂಡುವ ವ್ಯವಸ್ಥೆ ಆ ಆಟದಲ್ಲಿ ಆಗ ಇರಲಿಲ್ಲವಾದ್ದರಿಂದ, ಮಾರುವವನು ಸ್ವತಃ ಅಲ್ಲಿ ನಿಂತು, ತನ್ನಲ್ಲಿರುವ ಸಾಮಾನನ್ನೂ ಕೇಳುವ ಬೆಲೆಯನ್ನೂ ಟೈಪುಮಾಡಿ ಆ ಸೀಮೆಗೆಲ್ಲ ತಿಳಿಯುವಂತೆ ಸಾರಬೇಕಾಗಿತ್ತು. ಕೊಳ್ಳುವವನು ಓಡಿಬಂದು ಎದುರಿಗೆ ನಿಂತು ಚೌಕಾಸಿ ಮಾಡಿ, ಬೆಲೆ ಕುದುರಿದ ಮೇಲೆ ಇಬ್ಬರೂ ವಿನಿಮಯದ ಗುಂಡಿಯೊತ್ತಿದರೆ ಆಗ ಸಾಮಾನು ಕೈಬದಲಾಗುತ್ತಿತ್ತು. ಒಂದು ವಸ್ತುವಿಗೆ ಗಿರಾಕಿ ಸಿಕ್ಕಲು ಸಂಜೆಯೆಲ್ಲ ಹಿಡಿದರೂ ಹಿಡಿದೀತು. ಆ ಸಂಜೆಯಲ್ಲಿ ಪಕ್ಕದಲ್ಲಿ ನಿಂತ ಮತ್ತೊಬ್ಬ ಮಾರಾಟಗಾರನೊಡನೆ ಮಾತು ಹುಟ್ಟುವುದು. ಈ ಬೆಲೆ ಹೆಚ್ಚಾಯಿತೆಂದು ಮೂರನೆಯವನು ನಡುವೆ ಬಾಯಿಹಾಕುವನು. ಹಾದುಹೋಗುವ ಮಂತ್ರವಾದಿಯೊಬ್ಬ, ಕೇಳುವ ಮೊದಲೇ, ಬಡ ಹೊಸಬನೊಬ್ಬನ ಮೇಲೆ ಓಟದ ವೇಗ ಹೆಚ್ಚುವ ಮಂತ್ರವನ್ನು ಹಾಕಿ ಮುಂದೆ ಸಾಗುವನು. ಯಾವ ವಿನ್ಯಾಸಕಾರನೂ ಇದನ್ನು ಬರೆದಿಟ್ಟಿರಲಿಲ್ಲ. ಇಂಥದೊಂದು ವಸ್ತುವಿಗೆ ಬೆಲೆಯೆಷ್ಟು, ಯಾರ ಮಾತು ನಂಬತಕ್ಕದ್ದು, ಗಿಲ್ಡ್ ಎಂಬ ಆಟಗಾರರ ಕೂಟಗಳಲ್ಲಿ ಯಾವುದರವರು ಎಂಥವರು ಎಂಬ ಲೋಕಜ್ಞಾನವೆಲ್ಲ ಹೊಸ ಆಟಗಾರನಿಗೆ ದೊರೆಯುತ್ತಿದ್ದುದು ಆ ಸುರಂಗದಲ್ಲಿಯೇ.

2001ರ ಡಿಸೆಂಬರಿನಲ್ಲಿ ಶ್ಯಾಡೋಸ್ ಆಫ್ ಲುಕ್ಲಿನ್ ಎಂಬ ವಿಸ್ತರಣೆಯೊಂದಿಗೆ ಬಜಾರ್ ಎಂಬ ಹೊಸ ತಾಣ ಬಂದಿತು. ಅಲ್ಲಿ ಆಟಗಾರ ತನ್ನ ಪಾತ್ರವನ್ನು ವ್ಯಾಪಾರಿಯನ್ನಾಗಿ ನಿಲ್ಲಿಸಿ, ಬೆಲೆಗಳನ್ನು ನಮೂದಿಸಿ, ಕಂಪ್ಯೂಟರನ್ನು ಚಾಲನೆಯಲ್ಲಿಯೇ ಬಿಟ್ಟು ಮಲಗಲು ಹೋಗಬಹುದಾಗಿತ್ತು. ಕೊಳ್ಳುವವನು ಪಟ್ಟಿಯಲ್ಲಿ ಹುಡುಕಿ, ಯಾರೊಡನೆಯೂ ಒಂದು ಮಾತಾಡದೆ ಕೊಂಡುಹೋಗಬಹುದಾಗಿತ್ತು. ವ್ಯಾಪಾರದ ದೃಷ್ಟಿಯಿಂದ ಇದು ನಿಶ್ಚಯವಾಗಿಯೂ ಸುಧಾರಣೆ. ಆದರೆ ಬಜಾರಿನಲ್ಲಿ ಸಾಲುಸಾಲಾಗಿ ನಿಂತಿದ್ದ ದೇಹಗಳೊಳಗೆ ಜನರಿರಲಿಲ್ಲ, ಸುರಂಗದಲ್ಲಿ ದೇಹಗಳೂ ಉಳಿಯಲಿಲ್ಲ. ಇದರ ಮುಂದಿನ ಕಥೆ ಇನ್ನೂ ಬೋಧಪ್ರದವಾದುದು. 2009ರಲ್ಲಿ ಅಭಿಮಾನಿಗಳು ಪ್ರಾಜೆಕ್ಟ್ 1999 ಎಂಬ ಹೆಸರಿನಲ್ಲಿ ಆ ಆಟದ ಆದಿಕಾಲದ ಸ್ವರೂಪವನ್ನು, ಬಜಾರ್ ಇಲ್ಲದಂತೆ, ಮತ್ತೆ ನಡೆಯಿಸತೊಡಗಿದಾಗ, ಅದೇ ಸುರಂಗ ಮತ್ತೆ ಸಂತೆಯಾಯಿತು. ಗೋಡೆ ಅದೇ, ಕತ್ತಲೆ ಅದೇ. ಮರಳಿ ಬಂದದ್ದು ಹಳೆಯ ಅಡಚಣೆ, ಅದರ ಬೆನ್ನಿಗೆ ಜನ.

ನಾನು ಹೇಳಬೇಕೆಂದಿರುವ ಮುಖ್ಯ ವಿಷಯ ಇಲ್ಲಿಯೇ ಇದೆ. ಜನರನ್ನು ಒಂದೆಡೆಗೆ ಕರೆತರುವುದು ಅಗತ್ಯ. ಬಂದವರನ್ನು ಅಲ್ಲಿ ನಿಲ್ಲಿಸುವುದು ಬಿಡುವು. ಇವೆರಡೂ ಒಂದೇ ಸ್ಥಳದಲ್ಲಿ ಕೂಡಿಬಂದಲ್ಲದೆ ಯಾವ ಅಲಂಕಾರದಿಂದಲೂ ಸಮೂಹ ಹುಟ್ಟಲಾರದು. ಹಿಂದೆ ನಮ್ಮ ಹಳ್ಳಿಗಳಲ್ಲಿ ಸೇದುವ ಬಾವಿಯ ಕಟ್ಟೆ ಮಾಡುತ್ತಿದ್ದ ಕೆಲಸ ಇದೇ: ನೀರು ಎಲ್ಲರಿಗೂ ಬೇಕು, ಹಗ್ಗ ಒಂದೇ, ತನ್ನ ಸರದಿ ಬರುವವರೆಗೆ ಕೊಡ ಇಳಿಸಿ ನಿಲ್ಲಲೇಬೇಕು, ನಲ್ಲಿ ಮನೆಮನೆಗೆ ಬಂದ ಮೇಲೆ ಆ ಕಟ್ಟೆಯ ಮಾತುಕತೆ ನಿಂತುಹೋದದ್ದಕ್ಕೆ ಯಾರನ್ನೂ ದೂರುವಂತಿಲ್ಲ. ಆಟದ ವಿನ್ಯಾಸಕಾರನ ಸ್ಥಿತಿ ಇದಕ್ಕಿಂತ ಸೂಕ್ಷ್ಮವಾದುದು, ಏಕೆಂದರೆ ಬಾವಿಯನ್ನು ತೋಡುವವನೂ ಅವನೇ, ನಲ್ಲಿಯನ್ನು ಎಳೆಯುವವನೂ ಅವನೇ. ಎಷ್ಟು ಕಷ್ಟವನ್ನು ಉಳಿಸಬೇಕು, ಎಷ್ಟನ್ನು ಕಳೆಯಬೇಕು ಎಂಬುದನ್ನು ಪ್ರತಿ ಹೆಜ್ಜೆಯಲ್ಲಿಯೂ ಅವನು ನಿರ್ಧರಿಸಬೇಕಾಗುವುದು.

ಗದ್ದಲದ ನಗರಗಳಲ್ಲಿ ಇದೇ ವಿಷಯವನ್ನು ಕಣ್ಣಾರೆ ನೋಡಿ ಬರೆದವರಲ್ಲಿ ವಿಲಿಯಂ ವೈಟ್ ಅಗ್ರಗಣ್ಯ. ನ್ಯೂಯಾರ್ಕಿನ ಚೌಕಗಳಲ್ಲಿ ಚಲನಚಿತ್ರದ ಕ್ಯಾಮೆರಾವಿಟ್ಟು, ಯಾರು ಎಲ್ಲಿ ಕೂರುತ್ತಾರೆ, ಎಲ್ಲಿ ನಿಲ್ಲುತ್ತಾರೆ ಎಂಬುದನ್ನು ವರ್ಷಗಟ್ಟಲೆ ಪರಿಶೀಲಿಸಿ ಅವರು 1980ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಕಂಡುಕೊಂಡ ಸಂಗತಿಗಳಲ್ಲಿ ಎರಡು ಇಲ್ಲಿ ಪ್ರಸ್ತುತ: ಜನರನ್ನು ಎಲ್ಲಕ್ಕಿಂತ ಹೆಚ್ಚಾಗಿ ಸೆಳೆಯುವುದು ಇತರ ಜನರೇ; ಮತ್ತು ದಾರಿಯಲ್ಲಿ ಎದುರಾದ ಪರಿಚಿತರು ಮಾತಿಗೆ ನಿಲ್ಲುವುದು ಪ್ರವಾಹದಿಂದ ಪಕ್ಕಕ್ಕೆ ಸರಿದಲ್ಲ, ಪ್ರವಾಹದ ನಟ್ಟನಡುವೆ. ಮನೆಯೂ ಅಲ್ಲದ ಕೆಲಸದ ಜಾಗವೂ ಅಲ್ಲದ ಮೂರನೆಯ ತಾಣವೊಂದು ಮನುಷ್ಯನಿಗೆ ಬೇಕೆಂದು 1989ರಲ್ಲಿ ವಾದಿಸಿದ ಸಮಾಜಶಾಸ್ತ್ರಜ್ಞ ರೇ ಓಲ್ಡನ್‌ಬರ್ಗ್ ಅವರ ಹೆಸರನ್ನು ಆಟದ ವಿನ್ಯಾಸಕಾರರು ಹೆಚ್ಚಾಗಿ ಉಲ್ಲೇಖಿಸುವರಾದರೂ, ಕೆಲಸಕ್ಕೆ ಕೂತಾಗ ಹೆಚ್ಚು ಉಪಯೋಗಕ್ಕೆ ಬರುವವರು ವೈಟ್ ಅವರೇ ಎಂದು ನನ್ನ ಅಭಿಪ್ರಾಯ.

ಅಗತ್ಯವನ್ನೂ ಬಿಡುವನ್ನೂ ಬುದ್ಧಿಪೂರ್ವಕವಾಗಿ ಒಂದೆಡೆ ಜೋಡಿಸಲು ನಡೆದ ಪ್ರಯತ್ನಗಳಲ್ಲಿ ಅತ್ಯಂತ ಧೈರ್ಯದ್ದು 2003ರಲ್ಲಿ ಹೊರಬಂದ ಸ್ಟಾರ್ ವಾರ್ಸ್ ಗ್ಯಾಲಕ್ಸೀಸ್. ಅದರ ಸೃಜನಾತ್ಮಕ ನಿರ್ದೇಶಕರಾದ ರಾಫ್ ಕಾಸ್ಟರ್, ಆಟದಲ್ಲಿ ನಿಷ್ಕ್ರಿಯವಾದ ವೇಳೆ ಕಡಮೆಯಾದಷ್ಟೂ ಸಾಮಾಜಿಕತೆಯೂ ಕಡಮೆಯಾಗುವುದೆಂಬ ತತ್ತ್ವವನ್ನು ಬಹಿರಂಗವಾಗಿ ಪ್ರತಿಪಾದಿಸಿದವರು. ಅವರ ಆಟದಲ್ಲಿ ಯುದ್ಧಮಾಡಿದವನ ದೇಹದಲ್ಲಿ ಗಾಯವಾದಂತೆ ಮನಸ್ಸಿನಲ್ಲಿಯೂ ಕದನದ ಬಳಲಿಕೆ ಸಂಚಯವಾಗುತ್ತಿತ್ತು. ಗಾಯಕ್ಕೆ ವೈದ್ಯನಿದ್ದರೆ, ಬಳಲಿಕೆಗೆ ಇದ್ದ ಮದ್ದು ಪಾನಶಾಲೆಗೆ ಹೋಗಿ ಕುಳಿತು ನರ್ತಕಿಯ ನೃತ್ಯವನ್ನು ನೋಡುವುದು, ವಾದ್ಯಗಾರನ ಸಂಗೀತವನ್ನು ಕೇಳುವುದು. ಆ ನರ್ತಕಿಯೂ ವಾದ್ಯಗಾರನೂ ಯಂತ್ರದ ಬೊಂಬೆಗಳಲ್ಲ. ಕತ್ತಿ ಹಿಡಿಯಲೊಲ್ಲದೆ ಕಲೆಯನ್ನೇ ವೃತ್ತಿಯಾಗಿ ಆರಿಸಿಕೊಂಡ, ಬೇರೆಲ್ಲೋ ತಮ್ಮ ಮನೆಯಲ್ಲಿ ಕುಳಿತಿದ್ದ ಮನುಷ್ಯರು. ಯೋಧನಿಗೆ ಅವರು ಬೇಕಾಗಿದ್ದರು, ಅವರಿಗೆ ಯೋಧ ಕೊಡುವ ಕಾಣಿಕೆಯೂ ಮೆಚ್ಚುಗೆಯೂ ಬೇಕಾಗಿತ್ತು. ಬಳಲಿಕೆ ತೀರುವವರೆಗಿನ ನಿಮಿಷಗಳಲ್ಲಿ ಯೋಧನಿಗೆ ಬೇರೆ ಕೆಲಸವಿರುತ್ತಿರಲಿಲ್ಲ. ಊರಿಂದೂರಿಗೆ ಹೋಗುವ ಗಗನನೌಕೆಯೂ ಕೇಳಿದಾಗ ಬರದೆ ತನ್ನ ವೇಳೆಗೆ ಬರುತ್ತಿದ್ದುದರಿಂದ ನಿಲ್ದಾಣದಲ್ಲಿಯೂ ಜನ ಕಾದು ನಿಲ್ಲುತ್ತಿದ್ದರು.

ಕತ್ತಿಯನ್ನೇ ಮುಟ್ಟದೆ, ಜನರನ್ನು ರಂಜಿಸುವುದರಿಂದ ಮಾತ್ರವೇ ಪ್ರಸಿದ್ಧರಾಗಲು ಒಂದು ಯುದ್ಧದ ಆಟದಲ್ಲಿ ಅವಕಾಶವಿದ್ದದ್ದು ಸಾಮಾನ್ಯ ಸಾಧನೆಯಲ್ಲ, ಮತ್ತು ಅನಂತರದ ದೊಡ್ಡ ಆಟಗಳಲ್ಲಿ ಈ ವೃತ್ತಿಗೆ ಇಷ್ಟು ಗೌರವದ ಸ್ಥಾನ ದೊರೆಯದೆ ಹೋದದ್ದು ನನಗೆ ನಿಜವಾದ ನಷ್ಟವಾಗಿ ಕಾಣುತ್ತದೆ. ಆದರೆ ಆ ಪಾನಶಾಲೆಗಳನ್ನು ಹೊಕ್ಕು ಅಭ್ಯಸಿಸಿದ ಪಾರ್ಕ್ ಸಂಶೋಧನಾಲಯದ ನಿಕೊಲಾ ದುಶೆನೊ ಮತ್ತು ಅವರ ಸಂಗಡಿಗರು ಕಂಡದ್ದು ಪೂರ್ಣ ಸಂತೋಷದ ಚಿತ್ರವನ್ನಲ್ಲ. ನರ್ತನದ ಅಪ್ಪಣೆಯನ್ನು ತಾನಾಗಿ ಪುನರಾವರ್ತಿಸುವಂತೆ ಮ್ಯಾಕ್ರೋ ಬರೆದಿಟ್ಟು ಕುರ್ಚಿಯಿಂದೆದ್ದು ಹೋದ ಕಲಾವಿದರು ಅಲ್ಲಿ ಅನೇಕರಿದ್ದರು. ಬಂದ ಯೋಧರಲ್ಲಿಯೂ ಬಹುಮಂದಿ ಬಳಲಿಕೆ ತೀರಿದೊಡನೆ ಮಾತಿಲ್ಲದೆ ಎದ್ದು ನಡೆಯುತ್ತಿದ್ದರು. ಇದು ಏಕೆ ಹೀಗಾಯಿತೆಂಬುದನ್ನು ಎಚ್ಚರದಿಂದ ನೋಡಬೇಕು. ಎವರ್‌ಕ್ವೆಸ್ಟಿನ ಸುರಂಗದಲ್ಲಿ ಕಾಯುವವನು ಮಾತಾಡದಿದ್ದರೆ ಅವನ ಕಾಯುವಿಕೆ ವ್ಯರ್ಥ, ಏಕೆಂದರೆ ಕೂಗಿದರಲ್ಲವೆ ಗಿರಾಕಿ ಬರುವುದು. ಪಾನಶಾಲೆಯಲ್ಲಾದರೋ ಮಾತಾಡಿದರೂ ಆಡದಿದ್ದರೂ ಫಲ ಒಂದೇ, ಎದುರಿಗಿರುವವನು ಎಚ್ಚರವಾಗಿದ್ದರೂ ಇಲ್ಲದಿದ್ದರೂ ಫಲ ಒಂದೇ. ಯಾವ ಕ್ರಿಯೆಯನ್ನು ಯಂತ್ರ ಮಾಡಿದರೂ ಸಾಕೋ ಆ ಕ್ರಿಯೆಯನ್ನು ಜನ ಯಂತ್ರಕ್ಕೆ ವಹಿಸುವರು. ಅಗತ್ಯ ಜನರನ್ನು ಕರೆತಂದಿತು, ಬಿಡುವು ಅವರನ್ನು ನಿಲ್ಲಿಸಿತು. ಆದರೆ ನಿಂತವರು ಒಬ್ಬರನ್ನೊಬ್ಬರು ಗಮನಿಸಬೇಕಾದ ಕಾರಣವನ್ನು ಆ ನಿಯಮ ಒದಗಿಸಲಿಲ್ಲ. ಅಲ್ಲಿ ನಡೆದ ಒಳ್ಳೆಯ ಮಾತುಕತೆಗಳೆಲ್ಲ, ಅವು ಬಹಳವಾಗಿಯೇ ಇದ್ದವು, ಎಚ್ಚರವಾಗಿದ್ದು ನರ್ತಿಸಿದ ಕಲಾವಿದರ ಸ್ವಂತ ಔದಾರ್ಯದ ಫಲ. 2005ರ ನವೆಂಬರಿನಲ್ಲಿ ಆಟದ ನಿಯಮಗಳನ್ನು ಬುಡಮೇಲು ಮಾಡಲಾಯಿತು; 2011ರ ಡಿಸೆಂಬರ್ 15ರಂದು ಆಟವೇ ಮುಚ್ಚಿತು.

ವರ್ಲ್ಡ್ ಆಫ್ ವಾರ್‌ಕ್ರಾಫ್ಟಿನಲ್ಲಿ ಈ ಪಾಠ ಬೇರೊಂದು ರೀತಿಯಲ್ಲಿ ಕಾಣುತ್ತದೆ. 2004ರ ನವೆಂಬರಿನಲ್ಲಿ ಆ ಆಟ ಆರಂಭವಾದಾಗ, ಅಲಯನ್ಸ್ ಪಕ್ಷದವರಿಗೆ ಹರಾಜುಮನೆ ಇದ್ದದ್ದು ಪರ್ವತವನ್ನು ಕೊರೆದು ಕಟ್ಟಿದ ಕುಳ್ಳರ ರಾಜಧಾನಿಯಾದ ಐರನ್‌ಫೋರ್ಜಿನಲ್ಲಿ. ಹೊರಗೆ ಹಿಮ, ಮಹಾದ್ವಾರವನ್ನು ದಾಟಿ ಒಳಹೊಕ್ಕರೆ ಕಲ್ಲಿನ ಕಮಾನುಗಳು, ನಗರದ ಹೃದಯದಲ್ಲಿ ಕರಗಿದ ಲೋಹ ಹರಿಯುವ ಮಹಾಕುಲುಮೆಯ ಕೆಂಪು ಬೆಳಕು. ದ್ವಾರದಿಂದ ಬಂದವನ ಕಣ್ಣಿಗೆ ಮೊದಲು ಬೀಳುವ ಕಾಮನ್ಸ್ ಎಂಬ ಕೇರಿಯಲ್ಲಿ ಬ್ಯಾಂಕು, ಹರಾಜುಮನೆ, ಅಂಚೆಪೆಟ್ಟಿಗೆ ಮೂರೂ ಕೆಲವೇ ಹೆಜ್ಜೆಗಳ ಅಂತರದಲ್ಲಿದ್ದವು. ಹರಾಜಿನಲ್ಲಿ ಕೂಗಿದ ಸಾಮಾನು ಅಂಚೆಯಲ್ಲಿ ಬರುವುದು. ಅದನ್ನು ತೆಗೆದು ಬ್ಯಾಂಕಿನಲ್ಲಿಡಬೇಕು. ಬ್ಯಾಂಕಿನಲ್ಲಿದ್ದದ್ದನ್ನು ತೆಗೆದು ಮತ್ತೆ ಹರಾಜಿಗೆ ಹಾಕಬೇಕು. ಹೀಗೆ ಪ್ರತಿಯೊಬ್ಬನೂ ಅದೇ ಚಿಕ್ಕ ಅಂಗಳವನ್ನು ಒಂದು ಸಂಜೆಗೆ ಹಲವು ಸಲ ದಾಟುವನು, ದಾಟುವಾಗ ಹಲವರನ್ನು ಹಾಯುವನು. ಮೂರು ಸೌಕರ್ಯಗಳೂ ಒಂದೇ ಕಿಟಕಿಯಲ್ಲಿದ್ದರೆ ಅವನು ಒಂದೆಡೆ ನಿಂತೇ ಕೆಲಸ ಮುಗಿಸುತ್ತಿದ್ದ. ನಗರದ ಮೂರು ಮೂಲೆಗಳಲ್ಲಿದ್ದರೆ ಬೇಸತ್ತು ಬಾರದೇ ಹೋಗುತ್ತಿದ್ದ. ಪ್ರವಾಹದ ನಡುವೆಯೇ ಮಾತು ಹುಟ್ಟುವುದೆಂದು ವೈಟ್ ಕಂಡದ್ದು ಈ ಅಂಗಳದಲ್ಲಿ ಅಕ್ಷರಶಃ ನಿಜವಾಯಿತು. ನಗರದೊಳಗೆ ದ್ವಂದ್ವಯುದ್ಧಕ್ಕೆ ಅನುಮತಿ ಇಲ್ಲದ್ದರಿಂದ ಜಗಳಗಂಟರು ಮಹಾದ್ವಾರದ ಹೊರಗಣ ಹಿಮದಲ್ಲಿ ಜೋಡಿಜೋಡಿಯಾಗಿ ಕಾದಾಡುತ್ತಿದ್ದರು, ಒಳಹೋಗುವವರು ನಿಂತು ನೋಡುತ್ತಿದ್ದರು; ಊರ ಬಾಗಿಲಲ್ಲಿಯೇ ಒಂದು ನೋಟ ಏರ್ಪಟ್ಟಂತಾಯಿತು.

ಅದೇ ಆಟದ ಇನ್ನೊಂದು ಏರ್ಪಾಡನ್ನು ಇಲ್ಲಿ ಹೇಳದೆ ಇರಲಾರೆ. ಒನಿಕ್ಸಿಯಾ ಎಂಬ ಮಹಾಸರ್ಪವನ್ನು ನಲವತ್ತು ಮಂದಿಯವರೆಗಿನ ತಂಡ ಕೊಂದು ಅದರ ತಲೆಯನ್ನು ತಂದೊಪ್ಪಿಸಿದರೆ, ಆ ತಲೆಯನ್ನು ಅಲಯನ್ಸಿನವರು ತಮ್ಮ ಸ್ಟಾರ್ಮ್‌ವಿಂಡ್ ನಗರದಲ್ಲಿಯೂ ಎದುರು ಪಕ್ಷವಾದ ಹೋರ್ಡಿನವರು ತಮ್ಮ ಆರ್ಗ್ರಿಮ್ಮಾರ್ ನಗರದಲ್ಲಿಯೂ ಎಲ್ಲರಿಗೂ ಕಾಣುವಂತೆ ತೂಗುಹಾಕುತ್ತಿದ್ದರು. ತೂಗುಹಾಕಿದ ಕ್ಷಣದಲ್ಲಿ ಆ ನಗರದಲ್ಲಿದ್ದವರೆಲ್ಲರಿಗೂ, ಸರ್ಪವನ್ನು ಕಾಣದ ಹೊಸಬನಿಗೂ, ಬಲ ಹೆಚ್ಚಿಸುವ ವರವೊಂದು ಪ್ರಾಪ್ತವಾಗುತ್ತಿತ್ತು. ಕೆಲವರ ಗೆಲವು ಊರಿನ ಹಬ್ಬವಾಗುವಂತೆ ಮಾಡಿದ ಈ ಯೋಜನೆಯಲ್ಲಿರುವ ಸಮಾಜದೃಷ್ಟಿ, ನಗರದ ಅಷ್ಟೂ ಶಿಲ್ಪಕ್ಕಿಂತ ಮೇಲಾದುದೆಂದು ನಾನು ಭಾವಿಸುತ್ತೇನೆ. ತಲೆ ಎಷ್ಟು ಹೊತ್ತಿಗೆ ಏರುವುದೆಂದು ಜನ ವಿಚಾರಿಸಿಕೊಂಡು ಬಂದು ಸೇರುತ್ತಿದ್ದರು.

ಕ್ರಮೇಣ ಸೌಕರ್ಯಗಳು ಬಂದವು. 2006ರ ಆರಂಭದಲ್ಲಿ ಹರಾಜುಮನೆ ಎಲ್ಲ ರಾಜಧಾನಿಗಳಿಗೂ ವಿಸ್ತರಿಸಿತು. ಒಂದೇ ಊರಿನಲ್ಲಿ ಜನ ಕಿಕ್ಕಿರಿದು ಆಟವೇ ತಡವರಿಸುತ್ತಿದ್ದುದರಿಂದ ಇದು ಅನಿವಾರ್ಯವೂ ಆಗಿತ್ತು. 2009ರ ಡಿಸೆಂಬರಿನಲ್ಲಿ ಬಂದ ಹೊಸ ಸಾಧನ, ಗುಹೆಗೆ ಹೋಗಲು ಜೊತೆಗಾರರನ್ನು ಊರಿನಲ್ಲಿ ಕೂಗಿ ಕೂಡಿಸುವ ಪದ್ಧತಿಯನ್ನು ನಿವಾರಿಸಿ, ಬೇರೆ ಬೇರೆ ಸರ್ವರುಗಳ ಅಪರಿಚಿತರನ್ನು ತಾನೇ ಜೋಡಿಸಿ ಗುಹೆಯೊಳಗೇ ಇಳಿಸಿತು. 2014ರ ನವೆಂಬರಿನ ವಿಸ್ತರಣೆಯಲ್ಲಂತೂ ಪ್ರತಿಯೊಬ್ಬ ಆಟಗಾರನಿಗೂ ಗ್ಯಾರಿಸನ್ ಎಂಬ ಸ್ವಂತ ಪಾಳೆಯ ದೊರೆಯಿತು: ತನ್ನದೇ ಗಣಿ, ತನ್ನದೇ ತೋಟ, ತನ್ನ ಅಪ್ಪಣೆಗೆ ಕಾದು ನಿಂತ ಪರಿವಾರ. ಮನೆಯಲ್ಲಿಯೇ ಸಕಲವೂ ಲಭ್ಯವಾದ ಮೇಲೆ ಊರಿಗೆ ಹೋಗುವ ಕಾರಣವೇ ಇಲ್ಲವಾಗಿ, ಲಕ್ಷಾಂತರ ಮಂದಿ ಆಡುವ ಆಟದಲ್ಲಿ ತಾವು ಒಂಟಿಯಾದೆವೆಂದು ಆಟಗಾರರು ಆಕ್ಷೇಪಿಸಿದರು. 2016ರ ವಿಸ್ತರಣೆಯಲ್ಲಿ ಖಾಸಗಿ ಪಾಳೆಯದ ಬದಲು ಒಂದೊಂದು ವರ್ಗದವರು ಕೂಡಿ ಹಂಚಿಕೊಳ್ಳುವ ಸಭಾಂಗಣಗಳೂ, ಎಲ್ಲರಿಗೂ ಸಾಮಾನ್ಯವಾದ ಡಾಲರಾನ್ ನಗರವೂ ಬಂದವು. ಆ ನಗರವನ್ನು ಮತ್ತೆ ಮುಂದಕ್ಕೆ ತಂದುದರಲ್ಲಿ ಹಿಂದಿನ ಅನುಭವದ ಅಚ್ಚು ಇದೆಯೆಂದು ಊಹಿಸುವುದು ತಪ್ಪಾಗಲಾರದು.

ಇಷ್ಟು ಹೇಳಿದ ಮೇಲೆ ವಾತಾವರಣದ ಮಾತನ್ನು ಎತ್ತಬಹುದು. ಅದು ಮೊದಲಿನದಲ್ಲವೆಂದರೂ ಮುಖ್ಯವಲ್ಲವೆಂದು ನಾನು ಹೇಳಲಾರೆ. ಇಲ್ಲಿಯ ಮೊದಲ ತೊಡಕು ಅಳತೆಯದು. ಆಟಗಾರ ತನ್ನ ಪಾತ್ರವನ್ನು ಹಿಂದಿನಿಂದ ನೋಡುತ್ತಾನಾದ್ದರಿಂದ, ಬೆನ್ನ ಹಿಂದೆ ತೇಲುವ ಆ ಕಣ್ಣು ಗೋಡೆಗೆ ತಗುಲದಿರಲೆಂದು ಕೋಣೆಗಳನ್ನೂ ಬಾಗಿಲುಗಳನ್ನೂ ನಿಜದ ಅಳತೆಗಿಂತ ದೊಡ್ಡದಾಗಿ ಕಟ್ಟಬೇಕಾಗುವುದು. ಆದರೆ ವಿಸ್ತಾರ ಹೆಚ್ಚಿದಷ್ಟೂ ಜಾಗ ಬರಿದಾಗಿ ಕಾಣುವುದು. ವಾಸ್ತುಶಿಲ್ಪಿ ಕ್ರಿಸ್ಟೋಫರ್ ಅಲೆಗ್ಸಾಂಡರ್ ಮತ್ತು ಅವರ ಸಹೋದ್ಯೋಗಿಗಳು 1977ರ ಗ್ರಂಥದಲ್ಲಿ, ಜನ ನೆರೆಯಬೇಕಾದ ಚೌಕದ ಅಡ್ಡಗಲ 45ರಿಂದ 60 ಅಡಿಯಷ್ಟಿರಬೇಕು, 70 ಅಡಿಯನ್ನು ಮೀರಬಾರದು ಎಂದು ಸೂಚಿಸಿದರು. ಚೌಕಗಳ ಜೀವ ಅಂಚುಗಳಲ್ಲಿ ಹುಟ್ಟಿ ನಡುವಿಗೆ ಹರಿಯುವುದೆಂಬುದೂ ಅವರ ಮಾತೇ. ಆಟದಲ್ಲಿ ಈ ಮಿತಿಯನ್ನು ಹಾಗೆಯೇ ಪಾಲಿಸಲು ಬರುವುದಿಲ್ಲ. ಬದಲಿಗೆ, ಹಿರಿದಾದ ಅಂಗಳದೊಳಗೆ ಮೆಟ್ಟಿಲು, ಕಟ್ಟೆ, ಕಂಬಸಾಲು, ಇಳಿಮಾಡು ಮೊದಲಾದುವುಗಳಿಂದ ಕಿರಿಕಿರಿದಾದ ಮಡಿಲುಗಳನ್ನು ಕಲ್ಪಿಸಿ, ಹತ್ತು ಜನ ನಿಂತರೂ ತುಂಬಿದಂತೆ ತೋರುವ ಜಾಗಗಳನ್ನು ಮಾಡಬೇಕು. ಬೆಳಗಿನ ಜಾವ ಹತ್ತೇ ಜನರಿರುವಾಗ ಹೇಗೆ ಕಾಣುವುದೆಂದು ನೋಡದೆ, ಸಾವಿರ ಜನರಿರುವ ಉತ್ಸವದ ದಿನವನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದ ಚೌಕಗಳೇ ಹೆಚ್ಚಾಗಿ ಸೋತಿವೆ.

ಶಬ್ದದ ವಿಷಯದಲ್ಲಿ ದೂರದಿಂದ ಕರೆಯುವ ಗುಣವಿರಬೇಕು. ಪಾನಶಾಲೆಯ ಸಂಗೀತ ಒಳಹೊಕ್ಕ ಮೇಲೆ ಥಟ್ಟನೆ ಆರಂಭವಾಗದೆ, ಬೀದಿಯ ತಿರುವಿನಲ್ಲಿಯೇ ಮಂದವಾಗಿ ಕೇಳತೊಡಗಿ ಹತ್ತಿರವಾದಂತೆ ಏರಿದರೆ, ಒಳಗೆ ಏನೋ ನಡೆದಿದೆಯೆಂಬ ಭಾವ ನಡೆಯುವವನ ಕಾಲನ್ನು ಆ ಕಡೆಗೆ ತಿರುಗಿಸುವುದು. ಅಲ್ಲಿ ಮಾಡಲು ಕೆಲಸವಿಲ್ಲದ ಕೆಲಸವೂ ಇರಬೇಕು. 2014ರ ಡೆಸ್ಟಿನಿ ಆಟದಲ್ಲಿ ಟವರ್ ಎಂಬ ತಾಣವನ್ನು ಹೊಕ್ಕೊಡನೆ ಕೈಯ ಬಂದೂಕು ಮರೆಯಾಗಿ, ಅದುವರೆಗೆ ತನ್ನ ಕಣ್ಣಿನಿಂದ ಜಗತ್ತನ್ನು ನೋಡುತ್ತಿದ್ದ ಆಟಗಾರ ಹೊರಗಿನಿಂದ ತನ್ನ ಆಕೃತಿಯನ್ನೂ ಉಡುಪನ್ನೂ ಕಾಣುವನು. ಕುಣಿಯಬಹುದು, ಕೂರಬಹುದು, ಮತ್ತು ಅಲ್ಲಿ ಬಿದ್ದಿದ್ದ ಒಂದು ಚೆಂಡನ್ನು ಒದೆಯಬಹುದು. ಆ ಚೆಂಡಿಗೆ ಅಂಕವಿಲ್ಲ, ಬಹುಮಾನವಿಲ್ಲ. ಆದರೂ ಒಬ್ಬ ಒದ್ದದ್ದನ್ನು ಕಂಡ ಅಪರಿಚಿತ ಮರಳಿ ಒದೆಯದೆ ಬಿಡುತ್ತಿರಲಿಲ್ಲ. ಇದಕ್ಕಿಂತ ಹಳೆಯ ಉದಾಹರಣೆ, ಚಿತ್ರವೇ ಇಲ್ಲದೆ ಬರಿಯ ಅಕ್ಷರಗಳಿಂದ ಕಟ್ಟಿದ ಲ್ಯಾಂಬ್ಡಾಮೂ ಎಂಬ ಲೋಕದ್ದು. ಪಾವೆಲ್ ಕರ್ಟಿಸ್ 1990ರಲ್ಲಿ ಆರಂಭಿಸಿದ ಆ ಲೋಕಕ್ಕೆ ಬಂದವನು ಮೊದಲು ಕಣ್ಣು ಬಿಡುವುದು ಕೋಟುಗಳನ್ನು ತೂಗುಹಾಕುವ ಕತ್ತಲೆಯ ಗೂಡಿನಲ್ಲಿ. ಬಾಗಿಲು ತೆರೆದು ಹೊರಬಂದರೆ ಜನ ತುಂಬಿದ ಹಜಾರ. ಆ ಹಜಾರದಲ್ಲಿ ಒಂದು ಕಾಕಟೂ ಪಕ್ಷಿಯಿದ್ದು, ಅಲ್ಲಿ ಯಾರೋ ಹಿಂದೆಂದೋ ಆಡಿದ್ದ ಮಾತಿನ ತುಣುಕನ್ನು ಅಕಾಲದಲ್ಲಿ ಉಲಿಯುತ್ತಿತ್ತು. ಮೌನವಾಗಿದ್ದ ಹಜಾರದಲ್ಲಿ ಮಾತು ಮತ್ತೆ ಹೊರಡಲು ಅಷ್ಟು ಸಾಕಾಗುತ್ತಿತ್ತು; ಅತಿಯಾದರೆ ಅದರ ಬಾಯಿ ಕಟ್ಟಲೂ ಉಪಾಯವಿತ್ತು. ಜಾಗವೊಂದಕ್ಕೆ ನೆನಪಿದೆಯೆಂಬ ಅನುಭವವನ್ನು ಇಷ್ಟು ಅಲ್ಪ ಸಾಧನದಿಂದ ಉಂಟುಮಾಡಿದ ಮತ್ತೊಂದು ದೃಷ್ಟಾಂತ ನನಗೆ ಹೊಳೆಯುವುದಿಲ್ಲ.

ಗಣಿತವೂ ಈ ಕಲೆಗೆ ಒಂದು ಕಟ್ಟನ್ನು ಹಾಕಿದೆ. ನೂರು ಜನ ಒಂದೆಡೆ ನಿಂತರೆ ಪ್ರತಿಯೊಬ್ಬನ ಚಲನೆಯನ್ನೂ ಉಳಿದ 99 ಮಂದಿಗೆ ತಿಳಿಸಬೇಕು, ಅಂದರೆ ಕ್ಷಣಕ್ಷಣಕ್ಕೂ 9,900 ವಾರ್ತೆಗಳು. ಇನ್ನೂರು ಜನರಾದರೆ ಅವು 39,800. ಜನ ಇಮ್ಮಡಿಯಾದರೆ ಹೊರೆ ನಾಲ್ಮಡಿಯಾಗುವುದು. ಆದ್ದರಿಂದ ಹಲವು ಆಟಗಳು ಒಂದೇ ಊರಿನ ಅನೇಕ ಪ್ರತಿಗಳನ್ನು ಮಾಡಿ ಜನರನ್ನು ಹಂಚುತ್ತವೆ. ಆಟ ತಡವರಿಸುವುದು ಇದರಿಂದ ತಪ್ಪುವುದು ನಿಜ. ಆದರೆ ನಿನ್ನೆ ಇದೇ ಕಟ್ಟೆಯ ಮೇಲೆ ಕಂಡವನನ್ನು ಇಂದು ಮತ್ತೆ ಕಾಣುವ ಸಂಭವವೂ ತಪ್ಪಿಹೋಗುವುದು. ಮುಖಪರಿಚಯ ಸ್ನೇಹವಾಗುವುದು ಮರುದರ್ಶನದಿಂದ. ಪ್ರತಿಗಳನ್ನು ಮಾಡಲೇಬೇಕಾದರೆ, ಹೊಸದಾಗಿ ಬಂದವನನ್ನು ಎಲ್ಲಿ ತೆರವಿದೆಯೋ ಅಲ್ಲಿಗೆ ತಳ್ಳದೆ, ಅವನು ಹಿಂದೆ ಯಾರ ಜೊತೆ ಇದ್ದನೋ ಅವರಿರುವ ಪ್ರತಿಗೇ ಸೇರಿಸುವುದು ಉಚಿತ.

ಕೊನೆಯದಾಗಿ ಫೈನಲ್ ಫ್ಯಾಂಟಸಿ ಹದಿನಾಲ್ಕರ ಲಿಮ್ಸಾ ಲೊಮಿನ್ಸಾ. 2010ರಲ್ಲಿ ವಿಫಲವಾಗಿ, ನಾವೊಕಿ ಯೊಶಿದಾ ಅವರ ನೇತೃತ್ವದಲ್ಲಿ 2013ರ ಆಗಸ್ಟಿನಲ್ಲಿ ಪುನರ್ಜನ್ಮ ಪಡೆದ ಈ ಆಟದಲ್ಲಿ ಹೊಸ ಆಟಗಾರ ಹೊರಡುವುದು ಮೂರು ನಗರಗಳಲ್ಲಿ ಒಂದರಿಂದ: ಅಡವಿಯ ಗ್ರಿಡಾನಿಯಾ, ಮರಳುಗಾಡಿನ ಉಲ್ದಾ, ಕಡಲ ನಡುವೆ ಬಿಳಿಯ ಗೋಪುರಗಳನ್ನು ಸೇತುವೆಗಳಿಂದ ಹೆಣೆದ ಲಿಮ್ಸಾ. ಮೂರರಲ್ಲಿಯೂ ಸೌಕರ್ಯಗಳು ಒಂದೇ. ಹಗಲಿಗೊಂದು ಇರುಳಿಗೊಂದು ರಾಗವೂ ಮೂರಕ್ಕೂ ಉಂಟು. ಆದರೆ ಬಹುತೇಕ ಸರ್ವರುಗಳಲ್ಲಿ ಜನ ನೆರೆಯುವುದು ಲಿಮ್ಸಾದ ಕೆಳ ಅಂತಸ್ತಿನಲ್ಲಿ, ದೂರಪ್ರಯಾಣದ ಸ್ಫಟಿಕ ನಿಂತಿರುವ ಚೌಕದಲ್ಲಿ; ಸ್ಫಟಿಕದಿಂದ ಮಾರುಕಟ್ಟೆಯ ಫಲಕಕ್ಕೂ ಸಾಮಾನು ಕಾಯುವ ಪರಿಚಾರಕರನ್ನು ಕರೆಯುವ ಗಂಟೆಗೂ ಅಲ್ಲಿ ನಡೆಯಬೇಕಾದ ದೂರ ಅಲ್ಪ ಎಂಬುದೇ ಇದರ ಮೂಲಕಾರಣ. ಮೊದಲು ಕೆಲವು ಹೆಜ್ಜೆ ಉಳಿಸಲೆಂದು ಜನ ಬಂದರು. ಅವರಿದ್ದಾರೆಂದು ಮತ್ತಷ್ಟು ಜನ ಬಂದರು. ಈಗ ಅಲ್ಲಿ ವೃಂದ ಕಟ್ಟಿಕೊಂಡು ವಾದ್ಯ ನುಡಿಸುವವರಿದ್ದಾರೆ, ಹೊಸ ಉಡುಪು ತೊಟ್ಟು ಸುಮ್ಮನೆ ನಿಲ್ಲುವವರಿದ್ದಾರೆ. ಬಾಲ್ಮಂಗ್ ಎಂಬ ಸರ್ವರಿನಲ್ಲಿ ಮಾತ್ರ, ಪಾತ್ರವನ್ನೇ ತಾವಾಗಿ ಅಭಿನಯಿಸಲು ಬಯಸುವವರು ಉಲ್ದಾದ ಕ್ವಿಕ್‌ಸ್ಯಾಂಡ್ ಪಾನಶಾಲೆಯನ್ನು ತಮ್ಮದಾಗಿಸಿಕೊಂಡರು, ಏಕೆಂದರೆ ಅಭಿನಯಕ್ಕೆ ಮೇಜು, ಕುರ್ಚಿ, ನಾಲ್ಕು ಗೋಡೆ ಬೇಕು, ಸ್ಫಟಿಕ ಬೇಡ.

2015ರಲ್ಲಿ ಇಷ್ಗಾರ್ಡ್, 2017ರಲ್ಲಿ ಕುಗಾನೆ, 2019ರಲ್ಲಿ ಕ್ರಿಸ್ಟೇರಿಯಂ, 2021ರಲ್ಲಿ ಓಲ್ಡ್ ಶಾರ್ಲಾಯನ್, ಹೀಗೆ ಒಂದಕ್ಕಿಂತ ಒಂದು ಭವ್ಯವಾದ ನಗರಗಳು ಆ ಆಟಕ್ಕೆ ಸೇರಿದವು. ಹೊಸದು ತೆರೆದ ತಿಂಗಳುಗಳಲ್ಲಿ ಜನ ಅಲ್ಲಿ ತುಂಬಿದರೂ, ಕ್ರಮೇಣ ಲಿಮ್ಸಾಕ್ಕೇ ಹಿಂದಿರುಗಿದರು. ಇದಕ್ಕೆ ಅಭ್ಯಾಸಬಲವೊಂದೇ ಕಾರಣವೆಂದು ನಾನು ಒಪ್ಪಲಾರೆ. ಆ ನಗರಗಳ ಬಾಗಿಲು ತೆರೆಯುವುದು ಬಹುಮಟ್ಟಿಗೆ ದೀರ್ಘವಾದ ಕಥೆಯನ್ನು ಕ್ರಮವಾಗಿ ಮುಗಿಸಿ ಬಂದವರಿಗೆ. ಆದ್ದರಿಂದ ಅಲ್ಲಿ ಕಾಣುವವರೆಲ್ಲರೂ ಸರಿಸುಮಾರು ಸಮಾನರಾದ ಹಳಬರು. ಲಿಮ್ಸಾದಲ್ಲಾದರೋ ಹೊಸಬನೊಬ್ಬ ಮೊದಲ ದಿನವೇ ಹರಕು ಅಂಗಿಯಲ್ಲಿ ಚೌಕಕ್ಕೆ ಬಂದು, ರೆಕ್ಕೆಯ ವಾಹನವನ್ನೇರಿ ಕುಳಿತ ವೀರನನ್ನು ನೋಡಿ, ಇದು ಎಲ್ಲಿ ಸಿಗುತ್ತದೆಂದು ಕೇಳಬಲ್ಲ; ಆ ವೀರನಿಗೂ, ತಾನು ಬಲ್ಲದ್ದನ್ನು ತಿಳಿಸಿಕೊಡಲು ಒಬ್ಬ ಕೇಳುಗ ಸಿಕ್ಕಿದಂತಾಗುವುದು. ಓಲ್ಡ್ ಶಾರ್ಲಾಯನ್ನಿನ ಗ್ರಂಥಾಲಯದ ಮುಂದೆ ಈ ಪ್ರಶ್ನೆಯನ್ನು ಕೇಳುವವರು ಯಾರೂ ಇಲ್ಲ, ಏಕೆಂದರೆ ಅಲ್ಲಿಯವರೆಗೆ ಬಂದವರಿಗೆಲ್ಲ ಅದರ ಉತ್ತರ ಆಗಲೇ ತಿಳಿದಿರುತ್ತದೆ.